ಮೂರು ಲೋಕ, ಒಂದೇ ಗಂಟೆ: ನಿಮ್ಮ ಕಾಮಿಕ್ಸ್ ಸ್ಕ್ರಿಪ್ಟ್ ಓದಿ

ನಮಸ್ಕಾರ,

ನೀವು ಕಳಿಸಿದ 48 ಪುಟದ ಸ್ಕ್ರಿಪ್ಟನ್ನು ಎರಡು ಸಲ ಓದಿದೆವು. ಭೂಮಿಯ ಮಹಾಮಂಡಳಿ ಮಂಗಳ, ಶನಿಯ ಉಪಗ್ರಹ ಟೈಟನ್, ಪ್ರಾಕ್ಸಿಮಾ ನಕ್ಷತ್ರದ ಗ್ರಹ ಪ್ರಾಕ್ಸಿಮಾ ಬಿ, ಈ ಮೂರರ ಮೇಲೂ ಒಂದೇ ನುಡಿ, ಒಂದೇ ಉಡುಪು, ಒಂದೇ ಗಡಿಯಾರ ಹೇರುತ್ತದೆ. ಅಲ್ಲಿ ಹುಟ್ಟಿದ ಮಕ್ಕಳು ತಿರುಗಿ ಬೀಳುತ್ತಾರೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಹಾಗಂತ ಕೈಬಿಡಬೇಡಿ. 22ನೇ ಪುಟದಲ್ಲಿ ಟೈಟನ್ನಿನ ಅಜ್ಜಿ ಮೀಥೇನ್ ಮಳೆಗೆ 'ತೇಲುಮಳೆ' ಅಂತಾಳಲ್ಲ, ಆ ಒಂದು ಪದದಲ್ಲಿ ನಿಮ್ಮ ಇಡೀ ಕಥೆ ಅಡಗಿದೆ.

ಮುಖ್ಯ ತೊಂದರೆ ಹೇಳಿಬಿಡುತ್ತೇವೆ. ಮೂರು ಲೋಕಗಳೂ ಮೊದಲಿನಿಂದಲೇ ಒಂದೇ ಥರ ಇವೆ. ಎಲ್ಲ ಕಡೆ ಅದೇ ನಡಿಗೆ, ಅದೇ ಬೆಳಗು, ಅದೇ ಪುಸ್ತಕದ ಕನ್ನಡ. ಬೇರೆಬೇರೆ ಇದ್ದದ್ದನ್ನು ಓದುಗರು ಕಣ್ಣಾರೆ ಕಾಣದಿದ್ದರೆ, ಮಂಡಳಿ ಅಳಿಸಿದ್ದು ಏನು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆ ಕೊರತೆ ತುಂಬಲು ನೀವು ಮಾತಿಗೆ ಮೊರೆಹೋಗಿದ್ದೀರಿ. ಮೊದಲ ನಾಲ್ಕು ಪುಟ ಬರೀ ಕ್ಯಾಪ್ಷನ್, ಅಂದರೆ ಚಿತ್ರದ ಜತೆಗಿನ ವಿವರಣೆ. 11ನೇ ಪುಟದಲ್ಲಿ ಅಧ್ಯಕ್ಷರ ಭಾಷಣ ಒಂದೇ ಮಾತಿನ ಬಲೂನಿನಲ್ಲಿ ತೊಂಬತ್ತು ಪದ.

7ನೇ ಪುಟವನ್ನೇ ತೆಗೆದುಕೊಳ್ಳಿ. ಮಂಗಳದ ಶಾಲೆಯಲ್ಲಿ ಮೇಷ್ಟ್ರು 'ಇಂದಿನಿಂದ ಭೂಮಿಯ ಸಮಯವೇ ನಮ್ಮ ಸಮಯ' ಎಂದು ಸಾರುತ್ತಾರೆ, ಹುಡುಗಿ ಅಳುತ್ತಾಳೆ. ಮಂಗಳದ ಒಂದು ಹಗಲು-ರಾತ್ರಿ 24 ಗಂಟೆ 39 ನಿಮಿಷ 35 ಸೆಕೆಂಡು. ಅಲ್ಲಿ ಭೂಮಿಯ ಗಡಿಯಾರ ನೇತುಹಾಕಿದರೆ ದಿನಕ್ಕೆ ಸುಮಾರು 40 ನಿಮಿಷ ತಪ್ಪುತ್ತದೆ, ಮೂರು ದಿನಕ್ಕೆ ಹತ್ತಿರಹತ್ತಿರ ಎರಡು ಗಂಟೆ. ಇದನ್ನು ಆರು ಸಮ ಪ್ಯಾನೆಲ್‌ಗಳಲ್ಲಿ (ಚಿತ್ರದ ಚೌಕಟ್ಟುಗಳಲ್ಲಿ) ಬರೆಸಿ. ಒಂದೇ ಕೋನ, ಅದೇ ಬೆಂಚು, ಗೋಡೆಯ ಗಡಿಯಾರದಲ್ಲಿ ಆರರಲ್ಲೂ ಒಂಬತ್ತು; ಪ್ರತಿ ಪ್ಯಾನೆಲ್‌ಗೆ ಮೂರು ದಿನ ಮುಂದೆ. ಬದಲಾಗುವುದು ಕಿಟಕಿ ಮತ್ತು ಮಕ್ಕಳ ಕಣ್ಣು ಮಾತ್ರ. ಮೊದಲನೆಯದರಲ್ಲಿ ದೂಳುಗಂದು ಆಕಾಶ, ನಮ್ಮ ಸೂರ್ಯನ ಮೂರರಲ್ಲೆರಡು ಪಾಲು ಅಗಲದ ಸೂರ್ಯ. ಎರಡನೆಯದರಲ್ಲಿ ಅಲ್ಲಿಯ ಮುಂಜಾವ ಏಳರ ಹೊತ್ತು, ಸೂರ್ಯನ ಸುತ್ತ ನೀಲಿ ಛಾಯೆ (ಮಂಗಳದಲ್ಲಿ ಸೂರ್ಯ ಮೂಡುವಾಗ, ಮುಳುಗುವಾಗ ನೀಲಿಯೇ ಕಾಣುವುದು, ಚಿತ್ರ ಬರೆಯುವವರಿಗೆ ಇದನ್ನು ತಪ್ಪದೆ ತಿಳಿಸಿ). ಮೂರನೆಯದಕ್ಕೇ ಹೊರಗೆ ಕತ್ತಲೆ. ಆರನೆಯದರಲ್ಲಿ ನಡುರಾತ್ರಿಗೆ ಸ್ವಲ್ಪ ಮುಂಚೆ ಹಾಜರಿ ನಡೆಯುತ್ತಿದೆ, ಅರ್ಧ ತರಗತಿ ಬೆಂಚಿಗೆ ತಲೆಯಿಟ್ಟು ಮಲಗಿದೆ. ಮಾತು ಒಂದೇ: 'ಹಾಜರ್.' ಯಾರೂ ಅಳಬೇಕಿಲ್ಲ.

ಇದು ಬರೀ ಕಲ್ಪನೆಯೂ ಅಲ್ಲ. ಚೀನಾದಲ್ಲಿ 1949ರಿಂದ ದೇಶಕ್ಕೆಲ್ಲ ಒಂದೇ ಅಧಿಕೃತ ಸಮಯ. ದೂರದ ಪಶ್ಚಿಮದ ಶಿನ್‌ಜಿಯಾಂಗ್‌ನಲ್ಲಿ ಎಷ್ಟೋ ಜನ ಎರಡು ಗಂಟೆ ಹಿಂದಿನ ಸ್ಥಳೀಯ ಸಮಯವನ್ನೂ ಬಳಸುತ್ತ ಬಂದಿದ್ದಾರೆ. ನಿಮ್ಮ ಮಂಗಳದ ಮನೆಗಳಲ್ಲೂ 'ಶಾಲೆ ಗಂಟೆ', 'ಮನೆ ಗಂಟೆ' ಅಂತ ಎರಡು ಇರಲಿ. ಟೈಟನ್ನಿನಲ್ಲಿ ಈ ತಂತ್ರ ನಡೆಯದು. ಅಲ್ಲಿಯ ಒಂದು ದಿನ ನಮ್ಮ ಹದಿನಾರು ದಿನದಷ್ಟು, ಗಡಿಯಾರ ಯಾವುದಾದರೂ ಯಾರಿಗೂ ನೋಯುವುದಿಲ್ಲ. ಅಲ್ಲಿ ನುಡಿಯಿಂದ ನೋಯಿಸಿ. ಗುರುತ್ವ ನಮ್ಮ ಏಳರಲ್ಲೊಂದು ಪಾಲು, ಗಾಳಿ ನಮ್ಮದಕ್ಕಿಂತ ದಟ್ಟ. ಹಾಗಾಗಿ ಮೀಥೇನ್ ಹನಿ ದಪ್ಪಗಿದ್ದು ಹಿಮದ ಹಾಗೆ ಮೆಲ್ಲಗೆ ಇಳಿಯುತ್ತದೆ. ಪರೀಕ್ಷೆಯ ಪ್ರಶ್ನೆ: 'ಮಳೆ ಹೇಗೆ ಬೀಳುತ್ತದೆ?' ಮಗು 'ತೇಲುತ್ತ' ಎಂದು ಬರೆಯುತ್ತದೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ 'ರಭಸದಿಂದ.' ಹಿಂದಿನ ಕಿಟಕಿಯಲ್ಲಿ ಮಳೆ ತೇಲುತ್ತಲೇ ಇದೆ.

ಪ್ರಾಕ್ಸಿಮಾದ ವಿಷಯದಲ್ಲಿ ಎರಡು ತಪ್ಪು. ಅಲ್ಲಿಯ ಹಗಲನ್ನು ರಕ್ತಗೆಂಪು ಮಾಡಿಸಿದ್ದೀರಿ. ಆ ನಕ್ಷತ್ರದ ಮೇಲ್ಮೈ ಉಷ್ಣತೆ ಸುಮಾರು 3,000 ಕೆಲ್ವಿನ್, ಹಳೆಯ ತಂತಿ ಬಲ್ಬಿನ ಬೆಳಕಿನ ಆಸುಪಾಸು. ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಇನ್ನೊಂದು ದೊಡ್ಡದು. 30ನೇ ಪುಟದಲ್ಲಿ ಅಧ್ಯಕ್ಷರು ಅಲ್ಲಿಯವರ ಜತೆ ಪರದೆಯಲ್ಲಿ ನೇರವಾಗಿ ಮಾತಾಡುತ್ತಾರೆ. ದೂರ 4.24 ಜ್ಯೋತಿರ್ವರ್ಷ. ಆಜ್ಞೆ ಮುಟ್ಟಲು ನಾಲ್ಕು ವರ್ಷ ಮೂರು ತಿಂಗಳು, ಉತ್ತರಕ್ಕೆ ಮತ್ತೆ ಅಷ್ಟೇ. ಇದನ್ನು ಅಡ್ಡಿ ಅಂದುಕೊಳ್ಳಬೇಡಿ, ನಿಮ್ಮ ಕಥೆಗೆ ಸಿಕ್ಕ ನಿಧಿ ಇದು. ಭೂಮಿಯಲ್ಲಿ ಕಾನೂನು ರದ್ದಾಗಿರುತ್ತದೆ. ಆ ಸುದ್ದಿ ದಾರಿಯಲ್ಲಿರುವಾಗ ಅಲ್ಲಿ ಒಂದನೇ ತರಗತಿಯ ಮಗು ಐದನೆಯದಕ್ಕೆ ಬರುವವರೆಗೂ ಏಟು ತಿನ್ನುತ್ತದೆ.

ಇನ್ನು ಖಳರು. ಏಕರೂಪ ತರುವವರು ಹೆಚ್ಚಾಗಿ ಗುಮಾಸ್ತರು. ಅವರ ಆಯುಧ ರಿಜಿಸ್ಟರು. 1849ರಲ್ಲಿ ಫಿಲಿಪೀನ್ಸಿನ ಸ್ಪ್ಯಾನಿಷ್ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೇರಿಯಾ ಅಡ್ಡಹೆಸರುಗಳ ಅಕಾರಾದಿ ಪಟ್ಟಿ ಮಾಡಿಸಿ ಊರೂರಿಗೆ ಹಂಚಿಸಿದ. ಕೆಲವು ಊರುಗಳಲ್ಲಿ ಮನೆತನದ ಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗಿದ್ದು ಹೀಗೆ. ನಿಮ್ಮ ಒಂದು ವಸಾಹತಿನ ಬಾಗಿಲ ಫಲಕಗಳೆಲ್ಲ 'ಟ'ದಿಂದ ಶುರುವಾಗಲಿ, ಕಾರಣವನ್ನು ಹತ್ತು ಪುಟ ಹೇಳಬೇಡಿ. 1879ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತೆರೆದ ಕಾರ್ಲೈಲ್ ಶಾಲೆ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, 'ಬಂದಾಗ' ಮತ್ತು 'ಆಮೇಲೆ' ಅಂತ ಜೋಡಿ ಫೋಟೊ ತೆಗೆಸಿ ಹಂಚುತ್ತಿತ್ತು. ಕಾಮಿಕ್ಸಿಗೆ ಹೇಳಿ ಮಾಡಿಸಿದ ಎರಡು ಪ್ಯಾನೆಲ್. ನಮ್ಮಲ್ಲೇ ನೋಡಿ: ಮುಂಬಯಿ ಪ್ರಾಂತ್ಯದ ಧಾರವಾಡ ಸೀಮೆಯಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಿದ ಡೆಪ್ಯೂಟಿ ಚನ್ನಬಸಪ್ಪನವರು ಅದೇ ಸರ್ಕಾರದ ಶಿಕ್ಷಣ ಇಲಾಖೆಯ ಅಧಿಕಾರಿ. ನಿಮ್ಮ ಮಂಡಳಿಯ ಕಚೇರಿಯಲ್ಲಿ ಅಂಥವರೊಬ್ಬರೂ ಇಲ್ಲ. ಒಬ್ಬರನ್ನಾದರೂ ಕೂರಿಸಿ; ಕಥೆಗೆ ಬಿಗಿ ಬರುತ್ತದೆ.

ಮಾತಿನ ಬಗ್ಗೆ. ಅಧಿಕಾರಿಯೂ ಅಜ್ಜಿಯೂ 'ಹೋಗುತ್ತೇನೆ' ಅನ್ನುತ್ತಿದ್ದಾರೆ. ಪ್ರತಿ ಲೋಕಕ್ಕೆ ಮೂರೇ ಗುರುತು ಸಾಕು: ಒಂದು ಕ್ರಿಯಾಪದದ ಕೊನೆ, ಕರೆಯುವ ಒಂದು ರೀತಿ, ಆ ನೆಲದ್ದೇ ಒಂದು ಪದ. ಕುಂದಾಪುರದ್ದೋ ಕಲಬುರಗಿಯದ್ದೋ ನಿಜವಾದ ನುಡಿಯನ್ನು ಹಾಗೇ ಎತ್ತಿ ಮಂಗಳದವರ ಬಾಯಿಗೆ ಹಾಕಬೇಡಿ, ಓದುಗರು ಕಥೆ ಬಿಟ್ಟು ಊರು ಹುಡುಕುತ್ತಾರೆ. ಮನೆಯ ಮಾತಿಗೆ ಕೈಯಲ್ಲಿ ಬರೆದಂಥ ದುಂಡು ಬಲೂನ್, ಶಾಲೆಯ ಮಾತಿಗೆ ಚೌಕ ಪೆಟ್ಟಿಗೆ. 40ನೇ ಪುಟದ ಹೊತ್ತಿಗೆ ಅಜ್ಜಿಯ ಬಲೂನಿನ ಮೂಲೆಗಳೂ ಚೂಪಾಗತೊಡಗಿದರೆ ಎದೆ ಝಲ್ಲೆನ್ನುತ್ತದೆ.

ಕನ್ನಡದ ಪದಗಳು ಉದ್ದ. ಒಂದು ಬಲೂನಿಗೆ 12ರಿಂದ 15 ಪದ ಮೀರದಿರಲಿ, ಪುಟಕ್ಕೆ 80 ಸಾಕು. 'ಏಕರೂಪಗೊಳಿಸಲ್ಪಟ್ಟವರಿಗೋಸ್ಕರ' ಬಲೂನಿನಲ್ಲಿ ಕೂರುವುದಿಲ್ಲ, ಒಡೆದರೆ ಓದಲಾಗುವುದಿಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿಸಿ. ಪಠ್ಯ ಯೂನಿಕೋಡ್‌ನಲ್ಲೇ ಇರಲಿ. 17ನೇ ಪುಟದ ತಿರುವು ಬಲಗಡೆ ಬೀಳುತ್ತದೆ, 16 ಓದುವಾಗಲೇ ಕಣ್ಣಿಗೆ ಬಿದ್ದುಬಿಡುತ್ತದೆ. ಹಾಳೆ ಮಗುಚಿದಾಗ ಸಿಗುವ 18ಕ್ಕೆ ಅದನ್ನು ಸರಿಸಿ.

ಮುಂದಿನ ಸಲ 48 ಪುಟ ಬೇಡ. ಮೊದಲ 12 ಪುಟದ ಸ್ಕ್ರಿಪ್ಟ್, ಜತೆಗೆ 7ನೇ ಪುಟದ ಪೆನ್ಸಿಲ್ ಕರಡು ಕಳಿಸಿ. ಕರಡಿನಲ್ಲಿ ಮುಖಗಳು ಸರಿಬರದಿದ್ದರೂ ನಡೆಯುತ್ತದೆ, ಕಿಟಕಿಯ ಬೆಳಕು ಆರೂ ಪ್ಯಾನೆಲ್‌ನಲ್ಲಿ ಸರಿಯಾಗಿರಲಿ.