ಸುಗ್ಗಿ ಮುಗಿಯಲಿ ಅಂತ ಕಾಯಬೇಡಿ

ಪ್ರಶ್ನೆ: ನನಗೆ 43 ವರ್ಷ. ಕಾರಟಗಿ ಹತ್ತಿರದ ಹಳ್ಳಿ. ಎಡಗಡೆ ಎದೆಯಲ್ಲಿ ಗಂಟು ಇತ್ತು, ನೋವಿರಲಿಲ್ಲ, ಅದಕ್ಕೇ ಸುಮ್ನಿದ್ದೆ. ಹೋದ ತಿಂಗಳು ಸೂಜಿ ಹಾಕಿ ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದರು. ಈಗಲೇ ಆಪರೇಷನ್ ಬೇಡ, ಮೊದಲು ಕಿಮೋ ಅಂತ ಡಾಕ್ಟರು ಹೇಳಿದ್ದಾರೆ. ಅಂದ್ರೆ ಕೈ ಮೀರಿದೆ ಅಂತಾನಾ? ಮಗಳಿಗೆ ಗಂಡು ನೋಡುತ್ತಿದ್ದೇವೆ, ಯಾರಿಗೂ ಹೇಳಬೇಡ, ಭತ್ತದ ಕಟಾವು ಮುಗಿಸಿ ಹೋಗೋಣ ಅಂತಾರೆ ನಮ್ಮನೆಯವರು. ಸೂಜಿ ಚುಚ್ಚಿಸಿದ್ದರಿಂದಲೇ ಇದು ಹರಡುತ್ತೆ, ನಾಟಿ ಔಷಧ ತಗೋ ಅಂತಾರೆ ಅತ್ತೆ. ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಏನು ಮಾಡಲಿ?
— ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ಮೊದಲು ಕಟಾವಿನ ಮಾತು. ಕಾಯಬೇಡಿ. ಉಳಿದ ಪರೀಕ್ಷೆ ಮುಗಿಸಿ ಒಂದೆರಡು ವಾರದಲ್ಲಿ ಶುರು ಮಾಡುವುದಕ್ಕೂ ತಿಂಗಳುಗಟ್ಟಲೆ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಭತ್ತ ಕೊಯ್ಯಲು ಮಷಿನ್ ಬರುತ್ತೆ, ಆಳು ಸಿಗುತ್ತಾರೆ. ಈ ಕೆಲಸವನ್ನು ನಿಮ್ಮ ಬದಲಿಗೆ ಯಾರೂ ಮಾಡಲಾರರು. ಈ ಪುಟವನ್ನು ನಿಮ್ಮ ಯಜಮಾನರ ಕೈಗೇ ಕೊಡಿ, ಅವರು ಓದಲಿ.

ಮೊದಲು ಕಿಮೋ ಅಂದ ಮಾತ್ರಕ್ಕೆ ಕೈ ಮೀರಿದೆ ಅಂತಲ್ಲ. ಗಡ್ಡೆ ದೊಡ್ಡದಿದ್ದರೆ, ಕಂಕುಳಿಗೆ ಬಂದಿದ್ದರೆ ಅಥವಾ ಅದು ಕೆಲವು ಬಗೆಯದ್ದಾಗಿದ್ದರೆ ಮೊದಲು ಔಷಧ ಕೊಟ್ಟು ಕುಗ್ಗಿಸುತ್ತಾರೆ, ಆಮೇಲೆ ಆಪರೇಷನ್. ಚೆನ್ನಾಗಿ ಕುಗ್ಗಿದರೆ ಕೆಲವರಿಗೆ ಇಡೀ ಎದೆ ತೆಗೆಯುವುದು ತಪ್ಪುತ್ತೆ, ಗಡ್ಡೆ ಇದ್ದ ಭಾಗ ಮಾತ್ರ ತೆಗೆದು ನಂತರ ರೇಡಿಯೇಷನ್, ನಮ್ಮ ಕಡೆ ಕರೆಂಟ್ ಅಂತಾರಲ್ಲ ಅದನ್ನು ಕೊಡುತ್ತಾರೆ. ಔಷಧಕ್ಕೆ ಗಡ್ಡೆ ಬಗ್ಗುತ್ತಾ ಇಲ್ವಾ ಅನ್ನುವುದೂ ಡಾಕ್ಟರಿಗೆ ಕಣ್ಣಾರೆ ಗೊತ್ತಾಗುತ್ತೆ. ನಿಮ್ಮ ಬಯಾಪ್ಸಿ, ಅಂದ್ರೆ ಆ ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ ಇ.ಆರ್., ಪಿ.ಆರ್., ಹರ್-2 ಅಂತ ಮೂರು ಬರೆದಿದೆಯಾ ನೋಡಿ, ಗಡ್ಡೆ ಯಾವ ಬಗೆಯದ್ದು ಅಂತ ಹೇಳುವುದು ಇವೇ. ಇಲ್ಲದಿದ್ದರೆ ಕೇಳಿ ಮಾಡಿಸಿ. ಯಾವ ಔಷಧ, ಎಷ್ಟು ದಿನ, ಮುಂದೆ ಐದು ವರ್ಷ ಅಥವಾ ಜಾಸ್ತಿ ಮಾತ್ರೆ ನುಂಗಬೇಕಾ ಅನ್ನುವುದೆಲ್ಲ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಸೂಜಿ ಪರೀಕ್ಷೆಯಿಂದ ಹರಡುತ್ತೆ ಅನ್ನುವುದು ಸುಳ್ಳು ಭಯ. ಅತ್ತೆಯವರ ಮೇಲೆ ಸಿಟ್ಟು ಬೇಡ, ಹಿಂದೆಲ್ಲ ತೀರಾ ತಡವಾಗಿ ಆಸ್ಪತ್ರೆಗೆ ಹೋಗಿ ತೀರಿಕೊಂಡವರನ್ನೇ ಅವರು ನೋಡಿರುತ್ತಾರೆ. ಆದರೆ ನಾಟಿ ಔಷಧದ ವಿಷಯದಲ್ಲಿ ಗಟ್ಟಿಯಾಗಿರಿ. ಕಿಮೋ ಜೊತೆ ಕಷಾಯ, ಪುಡಿ ಸೇರಿದರೆ ಲಿವರ್‌ಗೆ ಪೆಟ್ಟು ಬೀಳಬಹುದು, ಆಗ ಕಿಮೋ ನಿಲ್ಲಿಸಬೇಕಾಗುತ್ತೆ. ಏನೇ ತಗೊಳ್ಳುವುದಿದ್ದರೂ ಡಾಕ್ಟರಿಗೆ ತೋರಿಸಿ.

ಇನ್ನು ಗುಟ್ಟು. ನಾನು ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನಿಮ್ಮಂಥವರ ಜೊತೆ ಕೂತು ಮಾತಾಡುವ ಕೆಲಸ ಮಾಡುತ್ತೇನೆ. ಕಾಯಿಲೆಗಿಂತ ಅದನ್ನು ಮುಚ್ಚಿಡುವುದರಲ್ಲೇ ಜಾಸ್ತಿ ಸೋತವರನ್ನು ನೋಡಿದ್ದೇನೆ. ಊರಿಗೆಲ್ಲ ಸಾರಬೇಕಿಲ್ಲ, ಅದು ನಿಮ್ಮ ಇಷ್ಟ. ಆದರೆ ಕಿಮೋ ದಿನ ಜೊತೆಗೆ ಬರಲು, ಬಂದ ಮೇಲೆ ನಾಲ್ಕು ದಿನ ಒಲೆ ನೋಡಿಕೊಳ್ಳಲು ಒಬ್ಬಿಬ್ಬರು ಬೇಕೇ ಬೇಕು: ಅಕ್ಕ, ನಾದಿನಿ, ಪಕ್ಕದ ಮನೆಯ ಗೆಳತಿ, ಯಾರಾದರೂ. ಮಗಳಿಗೂ ಹೇಳಿ. ಮದುವೆ ವಯಸ್ಸಿಗೆ ಬಂದ ಹುಡುಗಿಗೆ ಅವ್ವ ಬಚ್ಚಲಲ್ಲಿ ಅಳುವುದು ಕೇಳಿಸದೆ ಇರುತ್ತಾ? ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರಬೇಕಾದ ಸಂಕಟ ಅವಳಿಗೆ ಯಾಕೆ? ಇದನ್ನು ಕೇಳಿ ಹಿಂದೆ ಸರಿಯುವ ಬೀಗರಾದರೆ, ನನ್ನ ಮಾತು ಕಟುವಾದರೂ ಸರಿ, ಅವರು ಸರಿದದ್ದೇ ಒಳ್ಳೆಯದು.

ಅಳು ಬಂದರೆ ಅಳಿ, ಧೈರ್ಯ ಅಂದ್ರೆ ಅಳದೆ ಇರುವುದಲ್ಲ. ಆದರೆ ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂತಾದರೆ 14416ಕ್ಕೆ ಫೋನ್ ಮಾಡಿ. ಬದುಕು ಬೇಡ ಅನ್ನಿಸಿದರಂತೂ ಎರಡು ವಾರ ಕಾಯುವುದೂ ಬೇಡ, ಅವತ್ತೇ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡು, ಹೋಗುವ ಆಸ್ಪತ್ರೆಯಲ್ಲಿ ಮೊದಲು ಆರೋಗ್ಯಮಿತ್ರರ, ಅಂದ್ರೆ ಈ ಯೋಜನೆಯ ಕೆಲಸ ನೋಡಿಕೊಳ್ಳುವವರ ಟೇಬಲ್ ಎಲ್ಲಿದೆ ಅಂತ ಕೇಳಿ. ಚಿಕಿತ್ಸೆ ಶುರುವಾಗುವ ಮುಂಚೆಯೇ ಒಪ್ಪಿಗೆ ಆಗಬೇಕು, ಕೈಯಿಂದ ಕಟ್ಟಿ ಆಮೇಲೆ ವಾಪಸ್ ಕೇಳಿದರೆ ಸಿಗುವುದು ಕಷ್ಟ. ನಿಮಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ, ಬೆಂಗಳೂರಿಗೇ ಕಳಿಸಿದರೆ ಕಿದ್ವಾಯಿ ಇದೆ, ರಾಯಚೂರು ಕಡೆಯವರಿಗೆ ಕಲಬುರಗಿಯಲ್ಲೂ ಕಿದ್ವಾಯಿ ಶಾಖೆ ಇದೆ. ರೈಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಇದಕ್ಕೆ ಆಸ್ಪತ್ರೆಯಲ್ಲಿ ಫಾರಂಗೆ ಸಹಿ ಹಾಕಿಸಿ ರೈಲ್ವೆ ಕೌಂಟರ್‌ನಲ್ಲಿ ಕೊಡಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಒಂದು ಫೈಲ್, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ದಿನ ವಾಂತಿ, ಯಾವ ದಿನ ಬಾಯಿ ಹುಣ್ಣು, ಬರೆದಿಡಿ. ಡಾಕ್ಟರ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತೆ, ಅಲ್ವಾ? ಕೂದಲು ಉದುರುವುದು ಸಾಮಾನ್ಯವಾಗಿ ಮೊದಲ ಕಿಮೋ ಆಗಿ ಎರಡು ಮೂರು ವಾರಕ್ಕೆ, ಔಷಧ ನಿಂತ ಮೇಲೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತೆ. ಸಿರಗುಪ್ಪದ ಒಬ್ಬರು ದಿಂಬಿನ ಮೇಲೆ ಕೂದಲು ನೋಡುವುದು ಬೇಡ ಅಂತ ಮೊದಲೇ ತಂಗಿಯ ಕೈಲಿ ಜಡೆ ಕತ್ತರಿಸಿಕೊಂಡು, ಹಳೇ ಕಾಟನ್ ಸೀರೆ ಹರಿದು ತಲೆಗೆ ಕಟ್ಟಿಕೊಂಡು ಬಂದಿದ್ದರು. ಹೊಸ ಸ್ಕಾರ್ಫ್‌ಗಿಂತ ಅದೇ ಮೆತ್ತಗಿರುತ್ತೆ ಅಂತ ವಾರ್ಡಿನವರಿಗೆಲ್ಲ ಹೇಳಿಕೊಟ್ಟರು.

ಕೊನೆಯದು, ತುಂಬಾ ಮುಖ್ಯ. ಕಿಮೋ ಆದ ಮೇಲೆ, ಅದರಲ್ಲೂ ಎರಡನೇ ವಾರದ ಆಸುಪಾಸು, ರಕ್ತದ ಕೌಂಟ್, ಅಂದ್ರೆ ಸೋಂಕು ತಡೆಯುವ ಬಿಳಿ ರಕ್ತಕಣಗಳ ಲೆಕ್ಕ ಇಳಿಯುತ್ತೆ. ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ನೋಡೋಣ ಅನ್ನಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ.

ಪ್ರಶ್ನೆ: ಆಪರೇಷನ್ ಆಗಿ ಐದು ತಿಂಗಳಾಯ್ತು, ಹೆಂಡತಿಯ ಒಂದು ಎದೆ ತೆಗೆದಿದ್ದಾರೆ. ನನಗೆ ಮುಖ ಕೊಟ್ಟು ಮಾತಾಡುವುದಿಲ್ಲ, ಮದುವೆ ಮುಂಜಿಗೂ ಬರುವುದಿಲ್ಲ. ಮುಟ್ಟಿದರೆ ನೋವಾಗುತ್ತೇನೋ ಅಂತ ನನಗೂ ಹೆದರಿಕೆ.
— ಸಿಂಧನೂರು

ಉತ್ತರ: ನಿಮ್ಮ ಹೆದರಿಕೆಯನ್ನು ಅವರು ಬೇರೆ ಥರ ಅರ್ಥ ಮಾಡಿಕೊಂಡಿರಬಹುದು, ಅಸಹ್ಯ ಪಟ್ಟು ದೂರ ಇದ್ದಾರೆ ಅಂತ. ಬಾಯಿಬಿಟ್ಟು ಹೇಳಿ: ನೋವಾಗುತ್ತೇನೋ ಅಂತ ಸುಮ್ನಿದ್ದೆ ಅಂತ. ಗಾಯ ಮಾಗಿದ ಮೇಲೆ ಮುಟ್ಟುವುದರಿಂದ, ಕೂಡುವುದರಿಂದ ಕಾಯಿಲೆಗೆ ಏನೂ ಆಗುವುದಿಲ್ಲ, ನಿಮಗೂ ಅಂಟುವುದಿಲ್ಲ. ಅವರಿಗೆ ಬೇಕಾದಾಗ, ಅವರಿಗೆ ಬೇಕಾದಷ್ಟೇ. ಕೈಯ ವ್ಯಾಯಾಮದಿಂದ ಶುರು ಮಾಡಿ: ಗೋಡೆ ಮೇಲೆ ಬೆರಳಲ್ಲಿ ಮೆಲ್ಲಗೆ ಹತ್ತುತ್ತಾ ಹೋಗುವುದು, ಎಲ್ಲಿಗೆ ಮುಟ್ಟಿತೋ ಅಲ್ಲಿ ನೀವು ಪೆನ್ಸಿಲ್ ಗೆರೆ ಹಾಕುವುದು. ಆ ಕೈಯಲ್ಲಿ ಊತ ಕಂಡರೆ ಬೇಗ ತೋರಿಸಿ, ಕೊಡ, ಚೀಲ ಎತ್ತುವ ಭಾರ ಸದ್ಯ ನಿಮ್ಮದು. ಬ್ರಾ ಒಳಗೆ ಇಡುವ ಹಗುರವಾದ ಪ್ಯಾಡ್ ಸಿಗುತ್ತೆ, ಮದುವೆಗೆ ಹೋಗಲು ಅಂಜುವವರಿಗೆ ಅದರಿಂದ ಬಹಳ ಉಪಯೋಗ. ಆಸ್ಪತ್ರೆಯ ನರ್ಸಮ್ಮನನ್ನು ಅವರೇ ಕೇಳಲಿ.

ಪ್ರಶ್ನೆ: ಅಮ್ಮನಿಗೆ ಕಿಮೋ ನಡೆಯುತ್ತಿದೆ, ಆಮೇಲೆ ಕರೆಂಟ್ ಕೊಡುತ್ತಾರಂತೆ. ನನಗೆ ಎರಡು ವರ್ಷದ ಮಗು ಇದೆ. ತಾಟು, ಹಾಸಿಗೆ ಬೇರೆ ಇಡಬೇಕಾ?
— ಬಳ್ಳಾರಿ

ಉತ್ತರ: ಬೇಡ. ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನ ಮಷಿನ್‌ನಿಂದ ಕೊಡುವ ಕರೆಂಟ್ ಮೈಯಲ್ಲಿ ಉಳಿಯುವುದಿಲ್ಲ, ಮಗು ಅಜ್ಜಿ ತೊಡೆ ಮೇಲೆ ಮಲಗಲಿ. ಕಿಮೋ ಆದ ಎರಡು ದಿನ ಮಾತ್ರ ಅವರ ವಾಂತಿ, ಮೂತ್ರ ಆದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆ ಒಗೆಯಿರಿ. ನಿಜವಾದ ಎಚ್ಚರ ಅಮ್ಮನಿಗಾಗಿ ಬೇಕು: ಮಗುವಿಗೆ ನೆಗಡಿ, ಕೆಮ್ಮು ಇದ್ದಾಗ ದೂರ ಇಡಿ. ಆಗಷ್ಟೇ ಮಾಡಿದ ಬಿಸಿ ಅಡುಗೆ, ಕುದಿಸಿ ಆರಿಸಿದ ನೀರು. ಬಾಯಿ ಹುಣ್ಣಾದಾಗ ಖಾರ ಬಿಟ್ಟು ಮೆತ್ತನ್ನ ಅನ್ನ, ಹಾಲಲ್ಲಿ ನೆನೆಸಿದ ರೊಟ್ಟಿ ಕೊಡಿ. ನಿಮಗೂ ಒಂದು ಮಾತು: ಅಮ್ಮನಿಗೆ ಬಂದಿದೆ ಅಂದರೆ ನಿಮಗೂ ಬಂದೇ ಬರುತ್ತೆ ಅಂತಲ್ಲ, ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ಆದರೂ ಅಮ್ಮನಿಗೆ ಯಾವ ವಯಸ್ಸಿನಲ್ಲಿ ಗೊತ್ತಾಯಿತು ಅನ್ನುವುದನ್ನು ಅದೇ ಡಾಕ್ಟರಿಗೆ ಹೇಳಿ, ನಿಮ್ಮ ಪರೀಕ್ಷೆ ಯಾವಾಗಿನಿಂದ ಶುರು ಮಾಡಬೇಕು ಅಂತ ಕೇಳಿಕೊಂಡು ಬನ್ನಿ.