ಭೂಕಲೆ ಮಾಡುವವರು ಮೊದಲು ಸ್ಕೆಚ್ ಹಾಕಿಕೊಳ್ಳುತ್ತಾರಾ?

ಭೂಕಲೆ ಅಂದರೆ ಗುಡ್ಡ, ಬಯಲಿನಂಥ ಜಾಗವನ್ನೇ ಬಳಸಿ ಮಾಡುವ ಕಲೆ. ಅಲ್ಲಿ ಮೈಲುಗಟ್ಟಲೆ ಹರಡುವ ಕೃತಿಗೂ ಮೊದಲು ಸ್ಕೆಚ್ ಇರುತ್ತದಾ, ಇಲ್ಲ ಜಾಗಕ್ಕೆ ಹೋಗಿಯೇ ಶುರು ಮಾಡುತ್ತಾರಾ ಎಂದು ಕೇಳಿದ್ದೀರಿ. ಎಲೆ, ಮಂಜುಗಡ್ಡೆ ಹಿಡಿದು ಸ್ಥಳದಲ್ಲೇ ಕೂತು ಮಾಡುವ ಆಂಡಿ ಗೋಲ್ಡ್ಸ್‌ವರ್ದಿಯಂಥವರಿದ್ದಾರೆ. ಆದರೆ ಕ್ರಿಸ್ಟೊ ಮತ್ತು ಜೀನ್-ಕ್ಲಾಡ್ ದಂಪತಿಯ ‘ರನ್ನಿಂಗ್ ಫೆನ್ಸ್’ ಸ್ಕೆಚ್ಚುಗಳಿಲ್ಲದೆ ಹುಟ್ಟುತ್ತಲೇ ಇರಲಿಲ್ಲ.

1976ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ, ಮರಿನ್ ಕೌಂಟಿಗಳ ಗುಡ್ಡಗಳನ್ನು ಹತ್ತಿಳಿದು ಪೆಸಿಫಿಕ್ ಸಾಗರ ಸೇರಿದ ಬಿಳಿ ನೈಲಾನ್ ಬೇಲಿ ಅದು. ಎತ್ತರ ಐದೂವರೆ ಮೀಟರ್, ಉದ್ದ ಸುಮಾರು 39 ಕಿಲೋಮೀಟರ್. ನಿಂತದ್ದು 14 ದಿನ, ತಯಾರಿಗೆ ಹಿಡಿದದ್ದು ನಾಲ್ಕು ವರ್ಷ.

ಅದಕ್ಕಾಗಿ ಕ್ರಿಸ್ಟೊ ಮೊದಲೇ ಬರೆದ ಚಿತ್ರಗಳಲ್ಲಿ ಅನೇಕವು ಎರಡು ಭಾಗದವು. ದೊಡ್ಡ ಭಾಗದಲ್ಲಿ ಪೆನ್ಸಿಲ್, ಇದ್ದಿಲು, ಪಾಸ್ಟೆಲ್‌ನಲ್ಲಿ ಮೂಡಿದ ಗುಡ್ಡಗಳು, ಗಾಳಿಗೆ ಉಬ್ಬಿದ ಬಟ್ಟೆ. ಪಕ್ಕದ ಕಿರಿದಾದ ಪಟ್ಟಿಯಲ್ಲಿ ಭೂನಕ್ಷೆ, ಅದರ ಮೇಲೆ ಬೇಲಿ ಹೋಗುವ ದಾರಿ. ಕೆಲವದರಲ್ಲಿ ಕಂಬ, ಕೇಬಲ್ಲುಗಳ ಎಂಜಿನಿಯರಿಂಗ್ ವಿವರವೂ ಇದೆ. ಮೊದಲಿನವು ಸಡಿಲ, ಲೆಕ್ಕ ಕೂಡಿಬಂದಂತೆ, ದಾರಿ ಗೊತ್ತಾದಂತೆ ಗೆರೆ ಬಿಗಿಯಾಗುತ್ತದೆ. ಕಲಾವಿದನೊಬ್ಬ ತನ್ನ ಕೆಲಸವನ್ನು ತಾನೇ ಅರಿಯುತ್ತಾ ಹೋದದ್ದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ದುಡ್ಡು ಹುಟ್ಟಿದ್ದೂ ಇವುಗಳಿಂದಲೇ. ಅವರು ಪ್ರಾಯೋಜಕರ ಹಣ ಮುಟ್ಟುತ್ತಿರಲಿಲ್ಲ. ಚಿತ್ರ, ಕೊಲಾಜ್ (ಚೂರುಗಳನ್ನು ಅಂಟಿಸಿ ಮಾಡಿದ ಚಿತ್ರ) ಮಾರಿ ಬಂದದ್ದರಲ್ಲೇ ಉಕ್ಕು, ಬಟ್ಟೆ, ಕೂಲಿ, ವಕೀಲರ ಖರ್ಚು ಎಲ್ಲ ನಡೆಯಬೇಕಿತ್ತು. ವಕೀಲರು ಯಾಕೆಂದರೆ, ಬೇಲಿ ಹಾಯಬೇಕಾದದ್ದು 59 ರೈತರ ಜಮೀನಿನಲ್ಲಿ. ಒಬ್ಬೊಬ್ಬರನ್ನೂ ಒಪ್ಪಿಸಬೇಕಿತ್ತು. ಜೊತೆಗೆ 18 ಸಾರ್ವಜನಿಕ ವಿಚಾರಣೆಗಳು, ಕೋರ್ಟು, 450 ಪುಟಗಳ ಪರಿಸರ ಪರಿಣಾಮ ವರದಿ. ಈ ಓಡಾಟ, ವಾದ, ಜಗಳವೂ ಕೃತಿಯ ಭಾಗವೇ ಎಂಬುದು ಅವರ ನಿಲುವು. ನನಗೂ ಅದು ಸರಿಯೆನಿಸುತ್ತದೆ: ಆ ಗುಡ್ಡಗಳಲ್ಲಿ ದನ ಸಾಕುವವರು ಕಲೆಯ ಪರವಾಗಿ, ವಿರುದ್ಧವಾಗಿ ಎದ್ದು ಮಾತಾಡುವಂತೆ ಮಾಡಿದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ವಿಷಯ. ಕೃತಿ ನಿಂತ ಮೇಲೆ ಕ್ರಿಸ್ಟೊ ಅದರ ಚಿತ್ರ ಬರೆಯುತ್ತಿರಲಿಲ್ಲ. ಹಾಗಾಗಿ ನೀವು ನೋಡುವ ಪ್ರತಿ ಚಿತ್ರವೂ ಇನ್ನೂ ಇಲ್ಲದ್ದರ ಚಿತ್ರ. ಪ್ಯಾರಿಸ್ಸಿನ ದೊಡ್ಡ ವಿಜಯ ಕಮಾನು ಆರ್ಕ್ ದ ತ್ರಿಯೋಂಫ್‌ಗೆ ಬಟ್ಟೆ ಸುತ್ತುವ ಅವರ ಯೋಚನೆ 1960ರ ದಶಕದ ಆರಂಭದ್ದು. ಅದು ಆದದ್ದು 2021ರಲ್ಲಿ. ಜೀನ್-ಕ್ಲಾಡ್ 2009ರಲ್ಲಿ, ಕ್ರಿಸ್ಟೊ 2020ರಲ್ಲಿ ತೀರಿಕೊಂಡಿದ್ದರು. ಚಿತ್ರಗಳೂ ಯೋಜನೆಯೂ ಕೈಯಲ್ಲಿದ್ದದ್ದರಿಂದ ಅವರ ತಂಡ ಕೆಲಸ ಮುಗಿಸಿತು.

ಇನ್ನಷ್ಟು ನೋಡಬೇಕೆಂದರೆ, ‘ರನ್ನಿಂಗ್ ಫೆನ್ಸ್’ನ ಸ್ಕೆಚ್ಚುಗಳು, ದಾಖಲೆಗಳು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿವೆ. 1972ರದ್ದೊಂದು, 1976ರದ್ದೊಂದು ಅಕ್ಕಪಕ್ಕ ಇಟ್ಟು ನೋಡಿ.