ಕೇಳಿ, ಹೇಳ್ತೀನಿ: ಮೂರು ಸಲವೂ ಒಂದೇ ಥರ ಬಿತ್ತು!

ಪ್ರಶ್ನೆ: ಮಗನೂ ನಾನೂ ಸೇರಿ ಥರ್ಮಾಕೋಲಿನಲ್ಲಿ ರಿಮೋಟ್ ವಿಮಾನ ಮಾಡಿದೆವು. ರೆಕ್ಕೆ 1 ಮೀಟರ್ ಉದ್ದ, 16 ಸೆಂ.ಮೀ. ಅಗಲ. ಅಂತರಗಂಗೆ ಬೆಟ್ಟದ ಕೆಳಗಿನ ಬಯಲಲ್ಲಿ ಹಾರಿಸುತ್ತೇವೆ. ಕೈಬಿಟ್ಟ ಕೂಡಲೇ ಮೂತಿ ಎತ್ತಿಕೊಂಡು ಏರುತ್ತದೆ. ಆಮೇಲೆ ಒಂದು ರೆಕ್ಕೆ ಕುಸಿದು, ಸುತ್ತುತ್ತಾ ಬೀಳುತ್ತದೆ. ಮೋಟಾರ್ ಮಾತ್ರ ನೆಲ ಮುಟ್ಟುವವರೆಗೂ ಹೇಳಿದ ಹಾಗೆ ಕೇಳುತ್ತದೆ. ಮೂರು ಸಲವೂ ಹೀಗೇ ಆಯಿತು. ರೇಡಿಯೋ (ರಿಮೋಟಿನ ಸಿಗ್ನಲ್ ಕಳಿಸುವ, ಹಿಡಿಯುವ ಸೆಟ್) ಬದಲಿಸಿ ಎನ್ನುತ್ತಾರೆ ಅಂಗಡಿಯವರು. ಬದಲಿಸಲೇ?
— ಓದುಗರೊಬ್ಬರು, ಕೋಲಾರ

ಉತ್ತರ: ಬೇಡ, ದುಡ್ಡು ಜೇಬಲ್ಲೇ ಇರಲಿ. ಕೊನೆವರೆಗೂ ಮೋಟಾರ್ ಮಾತು ಕೇಳಿತು ಅಂದಮೇಲೆ ಸಿಗ್ನಲ್ ತಲುಪುತ್ತಿತ್ತು ಅಲ್ವಾ? ಗಾಳಿಯನ್ನೂ ಬೈಯಬೇಡಿ. ಗಾಳಿಯ ಕಿತಾಪತಿ ದಿನಕ್ಕೊಂದು ಥರ ಇರುತ್ತದೆ. ಮೂರು ಸಲವೂ ಒಂದೇ ಥರ ಬಿದ್ದರೆ ದೋಷ ವಿಮಾನದಲ್ಲೇ ಇದೆ.

ನಿಮ್ಮದಕ್ಕೆ ಬಾಲ ಭಾರ. ಬಾಲ ಕೆಳಗೆ ಜಗ್ಗಿದರೆ ಮೂತಿ ಮೇಲೇಳುತ್ತದೆ, ವೇಗ ಕಡಿಮೆಯಾಗುತ್ತದೆ. ಎದುರು ಗಾಳಿಗೆ ರೆಕ್ಕೆ ಸುಮಾರು 15 ಡಿಗ್ರಿಗಿಂತ ಜಾಸ್ತಿ ವಾಲಿದರೆ ಅದರ ಬೆನ್ನ ಮೇಲಿನ ಗಾಳಿ ಅಂಟಿಕೊಂಡು ಹರಿಯುವುದನ್ನು ಬಿಟ್ಟುಬಿಡುತ್ತದೆ. ಆಗ ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಹಾರಿಸುವವರು ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಎರಡೂ ರೆಕ್ಕೆ ಒಟ್ಟಿಗೆ ಸೋಲುವುದು ಅಪರೂಪ. ಯಾವುದು ಮೊದಲು ಸೋಲುತ್ತದೋ ಆ ಕಡೆಗೆ ಸುತ್ತು. ನಾವೋ ಗಾಬರಿಯಲ್ಲಿ ರಿಮೋಟಿನ ಸ್ಟಿಕ್ ಹಿಂದಕ್ಕೆ ಎಳೆಯುತ್ತೇವೆ. ಅದರಿಂದ ಮೂತಿ ಇನ್ನಷ್ಟು ಏಳುತ್ತದೆ! ಮಾಡಬೇಕಾದ್ದು ಉಲ್ಟಾ: ಸ್ಟಿಕ್ ಮುಂದಕ್ಕೆ ತಳ್ಳಿ, ಮೂತಿ ಇಳಿಸಿ, ವೇಗ ಬರಲು ಬಿಡಿ. ಅದಕ್ಕೆ ಕೆಳಗೆ ಜಾಗ ಬೇಕು, ಮರದೆತ್ತರದಲ್ಲಿ ಆಗುವ ಕೆಲಸವಲ್ಲ.

ಈಗ ರಿಪೇರಿ. ರೆಕ್ಕೆಯ ಮುಂದಂಚಿನಿಂದ 4 ಸೆಂ.ಮೀ. ಹಿಂದೆ ಎರಡೂ ಕಡೆ ಪೆನ್ನಿನಲ್ಲಿ ಗುರುತು ಹಾಕಿ. ನೇರ ರೆಕ್ಕೆಗೆ ಅಗಲದ ಕಾಲು ಭಾಗ ಅಂತ ಲೆಕ್ಕ. ಬ್ಯಾಟರಿ ಒಳಗಿಟ್ಟೇ ಆ ಗುರುತುಗಳಡಿ ಬೆರಳಿಟ್ಟು ಎತ್ತಿ. ವಿಮಾನ ಸಮವಾಗಿ ನಿಲ್ಲಬೇಕು, ಇಲ್ಲವೇ ಮೂತಿ ಒಂದಿಷ್ಟು ಬಾಗಬೇಕು. ಬಾಲ ಇಳಿದರೆ ಬ್ಯಾಟರಿ ಮುಂದಕ್ಕೆ ಸರಿಸಿ. ಜಾಗ ಸಾಲದಿದ್ದರೆ ಮಾತ್ರ ಮೂತಿಗೆ ಐದು ರೂಪಾಯಿ ನಾಣ್ಯ ಅಂಟಿಸಿ. ಸುಮ್ನೆ ತೂಕ ಏರಿಸಿದರೆ ಹಾರಲು ಇನ್ನೂ ವೇಗ ಬೇಕಾಗುತ್ತದೆ.

ಜಾಗವನ್ನೂ ಬದಲಿಸಿ. ಆಷಾಢದಲ್ಲಿ ಪಶ್ಚಿಮದ ಗಾಳಿ ಅಂತರಗಂಗೆ ಬೆಟ್ಟ ಹತ್ತಿ, ಊರಿನ ಕಡೆ ಇಳಿಯುವಾಗ ಪಲ್ಟಿ ಹೊಡೆಯುತ್ತದೆ. ಬೆಟ್ಟದ ಬುಡ ಕಲಿಯುವ ಜಾಗವಲ್ಲ. ಬೆಟ್ಟದಿಂದ ದೂರ, ಬೆಳಗ್ಗೆ ಏಳಕ್ಕೆ ಮೊದಲು, ಎದುರು ಗಾಳಿಗೆ ಬಿಡಿ.

ನಾನೂ ಸಾಚಾ ಅಲ್ಲ. ಒಮ್ಮೆ ಸರ್ವೋ (ರೆಕ್ಕೆಯ ಪಟ್ಟಿ ಆಡಿಸುವ ಪುಟ್ಟ ಮೋಟಾರ್) ಬದಲಿಸಿದವನು ಐಲೆರಾನ್, ಅಂದರೆ ವಿಮಾನವನ್ನು ಎಡಕ್ಕೋ ಬಲಕ್ಕೋ ಹೊರಳಿಸುವ ರೆಕ್ಕೆಯ ಹಿಂದಂಚಿನ ಪಟ್ಟಿ, ಯಾವ ಕಡೆ ಏಳುತ್ತದೆ ಅಂತ ನೋಡಲೇ ಇಲ್ಲ. ಬಲಕ್ಕೆ ತಿರುಗಿಸಿದರೆ ವಿಮಾನ ಎಡಕ್ಕೆ ಹೊರಳಿತು. ಇನ್ನಷ್ಟು ಬಲಕ್ಕೆ ಒತ್ತಿದೆ. ನಾಲ್ಕು ಸೆಕೆಂಡಿಗೆ ಟೊಮೆಟೊ ತೋಟದ ಗೂಟಗಳ ನಡುವೆ! ಯಜಮಾನರು ಮುರಿದ ರೆಕ್ಕೆ ಕೈಗಿಟ್ಟು, "ಔಷಧಿ ಹೊಡೆಯೋದು ಇದೇನಾ ಸಾರ್?" ಅಂದರು. ಮೂವತ್ತು ವರ್ಷ ಐಟಿಐ ಹುಡುಗರಿಗೆ "ಜೋಡಿಸಿದ ಮೇಲೆ ತಿರುಗಿಸಿ ನೋಡ್ರೋ" ಅಂತ ಬೈದವನು ನಾನು.

ಪ್ರಶ್ನೆ: ವಿಮಾನ ನನ್ನ ಕಡೆಗೆ ಬರುವಾಗ ಎಡ-ಬಲ ಗೊಂದಲವಾಗಿ ಬೀಳಿಸುತ್ತೇನೆ. ಉಪಾಯ ಇದೆಯಾ?
— ಓದುಗರು, ಮುಳಬಾಗಿಲು

ಉತ್ತರ: ಇದೆ. ಎದುರು ಬರುವಾಗ ಯಾವ ಕಡೆಯ ರೆಕ್ಕೆ ಇಳಿದಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ. ಬೀಳುತ್ತಿರುವ ಚಪ್ಪರಕ್ಕೆ ಊರುಗೋಲು ಕೊಟ್ಟ ಹಾಗೆ.